ಅಕ್ವೇರಿಯಂಗಾಗಿ ತುಂಬಿಟ್ಟ ಆರ್‌ಒ ನೀರು ಎಷ್ಟು ದಿನಕ್ಕೆ ಕೆಡುತ್ತದೆ?

ಆರ್‌ಒ ನೀರನ್ನು, ಅಂದರೆ ಕರಗಿದ ಲವಣವನ್ನೆಲ್ಲ ಹೆಚ್ಚುಕಡಿಮೆ ಸೋಸಿ ತೆಗೆದ ನೀರನ್ನು, ಡ್ರಮ್‌ನಲ್ಲಿ ಎಷ್ಟು ದಿನ ಇಡಬಹುದು, ಕೆಡದಂತೆ ಏನು ಹಾಕಬೇಕು ಅಂತ ಕೇಳಿದ್ದೀರಿ. ನಾನೂ ಹೀಗೇ ದಿನ ಎಣಿಸುತ್ತಾ ಕೂತಿದ್ದೆ. ಅಷ್ಟರಲ್ಲಿ ನನ್ನ ಸಿಗಡಿಗಳು ಸಾಯುತ್ತಿದ್ದವು, ಅದೂ ಬೇರೆಯೇ ಕಾರಣಕ್ಕೆ.

ಟ್ಯಾಂಕ್‌ನಲ್ಲಿ ಸಣ್ಣ ಮೀನುಗಳ ಜೊತೆ ಚೆರ್ರಿ ಶ್ರಿಂಪ್ ಅನ್ನೋ ಪುಟ್ಟ ಸಿಗಡಿ ಸಾಕಿದ್ದೆ. ಮನೆಗೆ ಬರುವ ನೀರು ವಿಪರೀತ ಗಡಸು, ಅದಕ್ಕೇ ಆರ್‌ಒ ಹಾಕಿಸಿದೆ. ಅದರಿಂದ ನೀರು ಸಣ್ಣಗೆ ಬರುತ್ತದೆ, ಹಾಗಾಗಿ ತುಂಬಿಡಲು ದೊಡ್ಡ ಡ್ರಮ್ ಬೇಕಾಯಿತು. ಆಹಾರ ಪದಾರ್ಥ ತುಂಬಲೆಂದೇ ಮಾಡಿದ ಹೊಸ ಪ್ಲಾಸ್ಟಿಕ್ ಡ್ರಮ್ ತಂದೆ. ಗಟ್ಟಿ ಮುಚ್ಚಳ ಇತ್ತು. ಬಿಸಿಲು ಬೀಳದ ಮೂಲೆಯಲ್ಲಿಟ್ಟೆ. ಇಷ್ಟೆಲ್ಲ ಮಾಡಿ, ಪ್ಲಾಸ್ಟಿಕ್ ನಲ್ಲಿಯಾದರೆ ಬೇಗ ಸೋರುತ್ತದೆ ಅಂತ ತಳದಲ್ಲಿ ಹಿತ್ತಾಳೆಯ ನಲ್ಲಿ ಹಾಕಿಸಿದೆ. ತಪ್ಪಿದ್ದು ಅಲ್ಲೇ.

ಇದನ್ನು ಬಿಡಿಸಿ ಹೇಳಲೇಬೇಕು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಗಡಸು ನೀರು ಹರಿಯುವ ಕಡೆ ನಲ್ಲಿಯ ಒಳಗೆ ಸುಣ್ಣದ ಪದರ ಕಟ್ಟಿಕೊಂಡು ಲೋಹವನ್ನು ಒಂದು ಮಟ್ಟಿಗೆ ಕಾಯುತ್ತದೆ. ಆರ್‌ಒ ನೀರಿನಲ್ಲಿ ಆ ಪದರ ಕಟ್ಟುವಷ್ಟು ಲವಣವೇ ಇಲ್ಲ. ಅದರ ಮೇಲೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗುತ್ತದೆ. ತಡೆಯಲು ಕೆಎಚ್ (ನೀರು ಹುಳಿಯಾಗದಂತೆ ಹಿಡಿದಿಡುವ ಕಾರ್ಬೊನೇಟ್ ಅಂಶ) ಇಲ್ಲದ್ದರಿಂದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 6ರ ಕೆಳಗೂ ಇಳಿಯಬಹುದು. ಹುಳಿ ತಾಗಿದ ಹಿತ್ತಾಳೆ ಕಿಲುಬುವ ಹಾಗೆ, ಈ ನೀರು ನಲ್ಲಿಯಿಂದ ದಿನವೂ ಸ್ವಲ್ಪ ಸ್ವಲ್ಪ ತಾಮ್ರ ಎಳೆದುಕೊಳ್ಳುತ್ತದೆ.

ಮೀನು ತಡೆದುಕೊಳ್ಳುವ ತಾಮ್ರವನ್ನು ಸಿಗಡಿ, ಬಸವನಹುಳು ತಡೆದುಕೊಳ್ಳುವುದಿಲ್ಲ. ಲೀಟರಿಗೆ ಮಿಲಿಗ್ರಾಂನ ಸಣ್ಣ ಪಾಲು ಸಾಕು. ನೀರು ಮೃದುವಾದಷ್ಟೂ ಆ ವಿಷ ಜಾಸ್ತಿ. ನನ್ನ ಮೀನುಗಳು ಆರಾಮಾಗಿ ಓಡಾಡುತ್ತಿದ್ದವು, ಹಾಗಾಗಿ ನೀರಿನಲ್ಲಿ ವಿಷ ಇರಬಹುದು ಅನ್ನೋ ಯೋಚನೆಯೇ ಬರಲಿಲ್ಲ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ನೋಡಿದರೆ 5ರ ಆಸುಪಾಸು, ಒಳ್ಳೇ ನೀರು ಅಂದುಕೊಂಡೆ. ಆ ಮೀಟರ್ ಅಳೆಯುವುದು ನೀರಿನಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಅನ್ನೋದನ್ನು ಮಾತ್ರ. ಏನು ಕರಗಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. 0.1 ಪಿಪಿಎಂ (ಲೀಟರಿಗೆ 0.1 ಮಿಲಿಗ್ರಾಂ) ತಾಮ್ರಕ್ಕೆ ಅದರ ಅಂಕಿ ಅಲುಗಾಡುವುದೂ ಇಲ್ಲ.

ಇನ್ನೂ ಒಂದಿದೆ. ಟ್ಯಾಂಕ್‌ನಲ್ಲಿ ಆವಿಯಾದಷ್ಟು ನೀರನ್ನು ದಿನಾ ಬೆಳಿಗ್ಗೆ ಅದೇ ನಲ್ಲಿಯಿಂದ ಹಿಡಿದು ಹಾಕುತ್ತಿದ್ದೆ. ರಾತ್ರಿಯಿಡೀ ನಲ್ಲಿಯೊಳಗೆ ನಿಂತ ನೀರೇ ಮೊದಲು ಬರುವುದು ಅಲ್ವಾ? ತಾಮ್ರ ಜಾಸ್ತಿ ಇರುವುದೂ ಅದರಲ್ಲೇ. ನೀರು ಆವಿಯಾಗಿ ಹೋಗುತ್ತದೆ, ತಾಮ್ರ ಹೋಗುವುದಿಲ್ಲ. ಮರುದಿನ ಮತ್ತಷ್ಟು ಸೇರುತ್ತದೆ. ಸಿಗಡಿ ಸತ್ತಾಗೆಲ್ಲ "ನೀರು ಹಳೇದಾಯ್ತು" ಅಂತ ಡ್ರಮ್ ಖಾಲಿ ಮಾಡಿ ಹೊಸದಾಗಿ ತುಂಬುತ್ತಿದ್ದೆ, ಟ್ಯಾಂಕ್ ನೀರನ್ನೂ ಬದಲಿಸುತ್ತಿದ್ದೆ. ಎಲ್ಲವೂ ಅದೇ ನಲ್ಲಿಯಿಂದ.

ಕೊನೆಗೆ ಸೋರುತ್ತಿದೆ ಅಂತ ನಲ್ಲಿ ಬಿಚ್ಚಿದಾಗ ಒಳಗಿನ ನಟ್ ಸುತ್ತ ಹಸಿರು ಕಲೆ ಕಂಡಿತು. ತಾಮ್ರದ ಟೆಸ್ಟ್ ಕಿಟ್ ತಂದೆ. ಡ್ರಮ್‌ನ ಮೇಲಿನಿಂದ ಮಗ್‌ನಲ್ಲಿ ತೆಗೆದ ನೀರಿನಲ್ಲಿ ಬಣ್ಣ ಕಾಣಲಿಲ್ಲ. ನಲ್ಲಿಯಿಂದ ಮೊದಲು ಬಂದ ನೀರಿನಲ್ಲಿ ಬಂತು. ಅಷ್ಟೊತ್ತಿಗೆ ಟ್ಯಾಂಕ್‌ನಲ್ಲಿ ಒಂದೂ ಸಿಗಡಿ ಉಳಿದಿರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ಬದಲಿಸಿ ಅಂತೀನಿ. ದಿನ ಎಣಿಸಬೇಡಿ. ಮುಚ್ಚಿ, ಕತ್ತಲಲ್ಲಿಟ್ಟ ಶುದ್ಧ ನೀರು ವಾರಗಟ್ಟಲೆ ಚೆನ್ನಾಗಿಯೇ ಇರುತ್ತದೆ. ನಲ್ಲಿ, ಪೈಪು, ಫ್ಲೋಟ್ ವಾಲ್ವ್, ನಟ್ಟು, ನೀರು ಮುಟ್ಟುವ ಒಂದೊಂದನ್ನೂ ನೋಡಿ. ಎಲ್ಲವೂ ಪ್ಲಾಸ್ಟಿಕ್ ಇರಲಿ. ಹೊಳೆಯುವ ಕ್ರೋಮ್ ನಲ್ಲಿ ನೋಡಿ ಸ್ಟೀಲ್ ಅಂದುಕೊಳ್ಳಬೇಡಿ, ಹೆಚ್ಚಿನವುಗಳ ಒಳಗೆ ಇರುವುದು ಹಿತ್ತಾಳೆಯೇ. ನಾನಂತೂ ಈಗ ನಲ್ಲಿಯನ್ನೇ ಇಟ್ಟಿಲ್ಲ. ಸಣ್ಣ ಪಂಪ್ ಇಳಿಬಿಟ್ಟು ಪೈಪಿನಲ್ಲಿ ತೆಗೆಯುತ್ತೇನೆ. ಡ್ರಮ್ ತಳದಲ್ಲಿ ಎಚ್‌ಡಿಪಿಇ ಅಥವಾ ಪಿಪಿ (ಎರಡೂ ಪ್ಲಾಸ್ಟಿಕ್‌ನ ಬಗೆಗಳು) ಅಂತ ಇದ್ದರೆ ಒಳ್ಳೆಯದು. ಯಾವುದೋ ರಾಸಾಯನಿಕ ತುಂಬಿದ್ದ ಹಳೇ ಡ್ರಮ್ ಎಷ್ಟು ತೊಳೆದರೂ ಬೇಡ.

ಕೆಡದಂತೆ ಏನೂ ಹಾಕಬೇಡಿ. ಆರ್‌ಒದ ಕಾರ್ಬನ್ ಫಿಲ್ಟರ್ ಕ್ಲೋರಿನ್ ತೆಗೆದಿರುತ್ತದೆ, ಹಾಗಾಗಿ ದಿನ ಕಳೆದಂತೆ ಡ್ರಮ್‌ನ ಗೋಡೆಗೆ ತೆಳು ಲೋಳೆ ಕಟ್ಟಬಹುದು. ಆಗಾಗ ಪೂರ್ತಿ ಖಾಲಿ ಮಾಡಿ, ಸೋಪು ಮುಟ್ಟಿಸದೆ ಉಜ್ಜಿ, ಒಣಗಿಸಿ. ಅಷ್ಟು ಸಾಕು. ಸೊಳ್ಳೆ, ಜಿರಳೆಗೆ ಸ್ಪ್ರೇ ಹೊಡೆಯುವ ಕೋಣೆಯಲ್ಲಿ ಡ್ರಮ್ ಇಡಲೇಬೇಡಿ, ಅದೂ ಸಿಗಡಿಗೆ ವಿಷವೇ.

ಲವಣ ಬೆರೆಸಿಯೇ ತುಂಬಿಡುತ್ತೇನೆ ಅಂದಿದ್ದೀರಿ, ಅದು ನನಗೆ ಒಪ್ಪಿಗೆ ಇಲ್ಲ. ಆವಿಯಾದಷ್ಟು ತುಂಬಲು ಬರೀ ಆರ್‌ಒ ನೀರೇ ಬೇಕು, ಲವಣ ಟ್ಯಾಂಕ್‌ನಲ್ಲೇ ಉಳಿದಿರುತ್ತದೆ. ನೀರು ಬದಲಿಸುವಾಗ ಮಾತ್ರ ಬೆರೆಸಬೇಕು. ಹಿಂದಿನ ದಿನ ಬಕೆಟ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಜಿಎಚ್ ಲವಣ (ನೀರಿಗೆ ಗಡಸುತನ ಕೊಡುವಂಥದ್ದು) ಹಾಕಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟಿಡಿ. ಕೆಎಚ್ 1 ಡಿಗ್ರಿ ಏರಿಸಲು 100 ಲೀಟರಿಗೆ ಸುಮಾರು 3 ಗ್ರಾಂ ಅಡುಗೆ ಸೋಡಾ ಬೇಕಾಗುತ್ತದೆ. ಸಿಗಡಿಗೆ 2 ಡಿಗ್ರಿ ಆಸುಪಾಸು ನಾನು ಇಡುತ್ತೇನೆ. ಕೆಎಚ್ ಬೇಡ ಅಂತ ಸುಮ್ನೆ ಬಿಡಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದನ್ನು ಖರ್ಚು ಮಾಡುತ್ತಲೇ ಇರುತ್ತವೆ, ಮುಗಿದ ದಿನ ಪಿಎಚ್ ಧೊಪ್ಪನೆ ಬೀಳುತ್ತದೆ.

ನೀರು ಎಲ್ಲಿಂದ ತುಂಬುತ್ತೀರಿ ಅಂತ ನೀವು ಬರೆದಿಲ್ಲ. ಅಡುಗೆಮನೆಯ ಕುಡಿಯುವ ನೀರಿನ ಪ್ಯೂರಿಫೈಯರ್ ಆಗಿದ್ದರೆ ಅದರ ಪುಸ್ತಕ ತೆಗೆದು ನೋಡಿ. ಕೆಲವು ಯಂತ್ರಗಳು ಆರೋಗ್ಯಕ್ಕೆ ಒಳ್ಳೆಯದು ಅಂತ ಶುದ್ಧ ಮಾಡಿದ ನೀರಿಗೆ ಕೊನೆಯಲ್ಲಿ ತಾಮ್ರ ಸೇರಿಸುತ್ತವೆ. ಆ ನೀರನ್ನು ಎಂಥ ಡ್ರಮ್‌ನಲ್ಲಿಟ್ಟರೂ ಸಿಗಡಿ ಇರುವ ಟ್ಯಾಂಕ್‌ಗೆ ಹಾಕಬೇಡಿ.