ಜೋಳ ಹಳದಿ ಆಗಿದ್ರ ಮೊದಲ ಬುಡ ಅಗದು ನೋಡ್ರಿ

ಆಳಂದದ ಅಣ್ಣಾರ, ನಿಮ್ಮ ಫೋಟೋ ನೋಡಿದೆ. ತಿಂಗಳ ಪೈರು, ಮಾಲದಂಡಿ ತಳಿ ಜೋಳ, ಎರಿ ಹೊಲ. ಅಲ್ಲಲ್ಲಿ ತ್ಯಾಪಿ ಹಚ್ಚಿದಂಗ ಹಳದಿ ಬಿದ್ದದ, ಮಧ್ಯಾಹ್ನ ಬಾಡಿ ಸಂಜಿಗಿ ಏಳ್ತದ ಅಂತ ಬರದೀರಿ. ನಿಮಗ ಉತ್ತರ ಬರದ ಬ್ಯಾರೆಯವರು ಯೂರಿಯಾ ಒಗೀರಿ, ಎಣ್ಣಿ (ಕೀಟನಾಶಕ) ಹೊಡೀರಿ ಅಂದಾರ. ಎರಡೂ ಈಗ ಬ್ಯಾಡ್ರಿ. ಎಲಿ ಸ್ವಚ್ಛ ಅವ, ಸುಳಿ ಒಣಗಿಲ್ಲ, ಬುಡದಾಗ ಇರುವಿ ಸಾಲು ಕಾಣಸ್ತದ. ನನಗ ಬೇರಿನ ರಸ ಹೀರೂ ಬೇರು ಹೇನಿಂದೇ ಸಂಶಯ.

ಗಿಡ ಜಗ್ಗಿ ಕೀಳಬ್ಯಾಡ್ರಿ, ಹುಳ ಮಣ್ಣಾಗೇ ಉಳೀತಾವ. ಕುರ್ಪಿಲಿಂದ ಹೆಂಟಿ ಸಮೇತ ಎಬ್ಬಿಸಿ, ಬಿಳಿ ಅರಿವಿ ಮ್ಯಾಲ ಒಡದು ನೋಡ್ರಿ. ಪೂರಾ ಒಣಗಿದ್ದು ಬ್ಯಾಡ, ಈಗಷ್ಟೇ ಹಳದಿ ತಿರುಗಿದ ಅಂಚಿನ ಗಿಡ ತಗೋರಿ. 2 ಮಿ.ಮೀ. ಆಸುಪಾಸಿನ ಮೆತ್ತನ ಹುಳ ಇರ್ತಾವ. ಅದರಾಗ ಟೆಟ್ರಾನ್ಯೂರಾ ಅನ್ನೂ ಜಾತಿ ಉರುಟಗ, ಗಿಡ್ಡ ಕಾಲಿಂದು, ಮೈಗಿ ಬಿಳಿ ಮೇಣದ ಪುಡಿ. ಭತ್ತದ ಬೇರು ಹೇನು ಕಡು ಹಸಿರು, ಹಿಂದಿನ ತುದಿ ಕೆಂಪು. ಹೆಸರು ಭತ್ತದ್ದಾದ್ರೂ ಬ್ಯಾರೆ ಏಕದಳದ ಬೇರೂ ಬಿಡಲ್ಲ.

ಇರುವಿ ಬೇರು ತಿನ್ನಾಕ ಬಂದಿಲ್ರಿ. ಹೇನು ಹೊರಗ ಹಾಕೂ ಸಿಹಿ ರಸಕ್ಕ ಬಂದಾವ. ಅದಕ್ಕಾಗೇ ಹೇನನ್ನ ಕಾಯ್ತಾವ, ಒಂದು ಬೇರಿಂದ ಇನ್ನೊಂದಕ್ಕ ಹೊತ್ತು ಒಯ್ತಾವ. ಬೇರಿನ್ಯಾಗ ಇದ್ದಾಗ ಈ ಹೇನಿಗಿ ಗಂಡು ಬೇಕಿಲ್ಲ, ಹೆಣ್ಣು ನೇರ ಮರಿನೇ ಹಾಕ್ತದ. ಚಳಿ ದೇಶದಾಗ ಟೆಟ್ರಾನ್ಯೂರಾ ಎಲ್ಮ್ ಅನ್ನೂ ಗಿಡಕ್ಕ ಹೋಗಿ ತತ್ತಿ ಇಟ್ಟು ಬರ್ತದ. ನಮ್ಮಂಥ ಬಿಸಿಲ ಸೀಮಿಯಾಗ ಹುಲ್ಲಿನ ಬೇರಿನ್ಯಾಗೇ ವರ್ಷ ಕಳೀತದ. ಅದಕ್ಕ ಹೊಲದೊಳಗಿನ ಕರಕಿ ಹುಲ್ಲು ತಗೀರಿ.

ಹಸಿ ಇಲ್ಲದಾಗ ಯೂರಿಯಾ ಬೇರಿಗಿ ಮುಟ್ಟಲ್ಲ, ಮುಟ್ಟಿದ್ರೂ ಹೇನಿಗೇ ಹಬ್ಬ. ಎಲಿ ಮ್ಯಾಲಿನ ಎಣ್ಣಿ ಮಣ್ಣೊಳಗ ಇಳಿಯಲ್ಲ. ಸಾಲಿನ ನಡುವ ಎಡಿ ಹೊಡೀರಿ: ಬಿರುಕು ಮುಚ್ಚತಾವ, ಇರುವಿ ದಾರಿ ಹರೀತದ, ಹಸಿ ಉಳೀತದ. ಕೃಷಿ ಹೊಂಡದಾಗ ನೀರಿದ್ರ ಒಂದು ಸಲ ಕೊಡ್ರಿ. ಗಿಡ ಹೊಸ ಬೇರು ಬಿಟ್ಟು ಸುಧಾರಿಸ್ತದ. ನನ್ನ ಕೇಳಿದ್ರ ಅರ್ಧಕ್ಕರ್ಧ ಹೊಲಕ್ಕ ಇಷ್ಟೇ ಸಾಕು.

ಹೇನು ಭಾಳ ಇದ್ರ ಮಾತ್ರ ಔಷಧದ ಮಾತು. ರಾಗಿ ಬೇರು ಹೇನಿಗಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಡೈಮಿಥೋಯೇಟ್ 30 ಇಸಿ ಅನ್ನೂ ಕೀಟನಾಶಕ, ಲೀಟರ್ ನೀರಿಗಿ 3 ಮಿ.ಲೀ. ಬೆರಸಿ, ಬಾಧೆ ಆದ ಗಿಡ ಮತ್ತ ಅದರ ಸುತ್ತಿನ ಗಿಡದ ಬುಡಕ್ಕ ಹಾಕ್ರಿ ಅಂತದ. ಜೋಳಕ್ಕ ಹಾಕೂ ಮೊದಲ ಹೆಂಟಿ ಸಮೇತ ಒಂದೆರಡು ಗಿಡ ಚೀಲದಾಗ ಕಟ್ಟಿ ಕಲಬುರಗಿ ಕೃಷಿ ವಿಜ್ಞಾನ ಕೇಂದ್ರಕ್ಕ ಒಯ್ದು ತೋರ್ಸಿ ಕೇಳ್ರಿ. ಇಡೀ ಹೊಲಕ್ಕ ಸುರಿಯೂದು ರೊಕ್ಕ ಹಾಳು.

ಇನ್ನೊಂದು, ಅಗದ ಗಿಡ ದನದ ಮುಂದ ಒಗೀಬ್ಯಾಡ್ರಿ. ಬಾಡಿದ ಎಳಿ ಜೋಳದಾಗ ಸಯನೈಡ್ ವಿಷ ಇರ್ತದ, ಎಮ್ಮಿ ಸತ್ತೇ ಹೋಗಬಹುದು.

ಹೇನು ಸಿಗದೇ ಬೇರು ಕಡದಂಗ ಇದ್ರ ಗೊಣ್ಣಿ ಹುಳ ಹುಡುಕ್ರಿ. ಬೇರಿಗಿ ಮಣ್ಣಿನ ಗೂಡು ಕಟ್ಟಿದ್ರ ಗೆದ್ದಲ.

ಶಹಾಪುರದ ತಮ್ಮ ಈ ಬೇರು ಹೇನು ಭತ್ತಕ್ಕೂ ಬರ್ತದೇನು ಅಂತ ಕೇಳ್ಯಾನ. ಕಾಲುವಿ ನೀರು ನಿಲ್ಲಿಸಿ ನಾಟಿ ಮಾಡಿದ ಗದ್ದಿಗಿ ಇದರ ಭಯ ಇಲ್ಲಪ್ಪ, ನೀರಾಗ ಅದು ಬದುಕಲ್ಲ. ಕೂರಿಗಿಲಿಂದ ಒಣ ಬಿತ್ತನಿ ಮಾಡಿದ್ರ, ನೀರು ಹರಿಯೂ ತನಕ ಬುಡ ನೋಡ್ಕೋತ ಇರು.