ಕೇಳಿ, ಹೇಳ್ತೀನಿ: ತಮಟೆಯ ಪಕ್ಕ ಡಮಾಮಿ

ಪ್ರಶ್ನೆ: ನಮ್ಮದು ಹುಡುಗರ ತಮಟೆ ತಂಡ. ಕಾಲೇಜೊಂದರ ಉತ್ಸವಕ್ಕೆ ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಡಮಾಮಿ ಡೋಲಿನ ತಂಡವನ್ನೂ ಕರೆಸುತ್ತಿದ್ದಾರೆ. ಎರಡೂ ತಂಡ ಸೇರಿ ಹತ್ತು ನಿಮಿಷ 'ಫ್ಯೂಷನ್' ಮಾಡಿ, ಕೀಬೋರ್ಡ್ ನಾವೇ ಹಾಕಿಸ್ತೀವಿ ಅಂತಾರೆ. ರಿಹರ್ಸಲ್ ಹಿಂದಿನ ದಿನ ಸಂಜೆ ಮಾತ್ರ. ಒಪ್ಪಿಕೊಳ್ಳಬಹುದಾ?
(ಓದುಗ, ಚಿಂತಾಮಣಿ)

ಉತ್ತರ: ಒಪ್ಕೊಳ್ಳಿ ತಮ್ಮಾ. ಆದರೆ ಕೀಬೋರ್ಡ್ ಬೇಡ ಅಂತ ಇವತ್ತೇ ಹೇಳಿಬಿಡಿ. ಅದು ಮಧ್ಯೆ ಬಂದು ಕೂತರೆ ಇಬ್ಬರೂ ಅದರ ಲೆಕ್ಕಕ್ಕೇ ಬಡೀಬೇಕಾಗುತ್ತೆ.

ಒಂದೇ ಸಂಜೆಯಲ್ಲಿ ಬೆರೆಸೋಕೆ ಹೋಗಬೇಡಿ. ಆ ಸಂಜೆ ಮೊದಲು ಅವರು ಬಾರಿಸಲಿ, ಅವರ ಹೆಣ್ಣುಮಕ್ಕಳು ಕುಣಿಯಲಿ, ನೀವು ಕೂತು ಕೇಳಿ. ಆಮೇಲೆ ನಿಮ್ಮ ಸರದಿ. ವೇದಿಕೆ ಮೇಲೂ ಅದೇ ಕ್ರಮ ಇರಲಿ. ಕೊನೆಯ ಎರಡು ಮೂರು ನಿಮಿಷ ಮಾತ್ರ ಜೊತೆಗೂಡಿ. ಆಗಲೂ ನಿಮ್ಮಲ್ಲಿ ಒಬ್ಬನೇ, ಗಿಡ್ಡ ಕಡ್ಡಿಯಲ್ಲಿ ನಡೆ ಹಿಡಿಯಲಿ. ತೆಳು ಕಡ್ಡಿಯ ಚಟಪಟ ಬೇಡ. ಡಮಾಮಿ ಎರಡು ಮುಖದ ಮರದ ವಾದ್ಯ, ದನಿ ತಗ್ಗು. ನಿಮ್ಮ ಫೈಬರ್ ತಮಟೆ ಎಂಟು ಜನ ಒಟ್ಟಿಗೆ ಎತ್ತಿದರೆ ಅದು ಕೇಳಿಸೋದೇ ಇಲ್ಲ. ಚರ್ಮದ ತಮಟೆಗಳನ್ನೇ ತಗೊಂಡು ಹೋಗಿ. ಕಾಯಿಸೋಕೆ ವೇದಿಕೆ ಹಿಂದೆ ಬೆಂಕಿ ಹಾಕಲು ಜಾಗ ಬೇಕು ಅಂತ ಮೊದಲೇ ಕೇಳಿ. ಒಳಾಂಗಣ ಸಭಾಂಗಣವಾದರೆ ಬಯಲಿಗೆ ಬದಲಾಯಿಸೋಕೆ ಒತ್ತಾಯಿಸಿ. ಮೈಕ್ ಡಮಾಮಿಗಿರಲಿ, ನಿಮಗೆ ಬೇಕಾಗಿಲ್ಲ.

ಯಾವ ಹಾಡು ವೇದಿಕೆಗೆ, ಯಾವುದು ಮನೆಯೊಳಗಿನದು ಅಂತ ಅವರ ಹಿರಿಯರನ್ನೇ ಕೇಳಿ. ಅವರು 'ಇದು ಬೇಡ' ಅಂದರೆ ಯಾಕೆ ಅಂತ ಕೆದಕಬೇಡಿ. ನೀವೂ ಅಷ್ಟೇ: ಸಾವಿನ ಮನೆಯ ಬಡಿತವನ್ನ ಚಪ್ಪಾಳೆಗೋಸ್ಕರ ತರಬೇಕಾ ಅಂತ ಮನೆಯಲ್ಲಿ ದೊಡ್ಡವರ ಜೊತೆ ಕೂತು ಮಾತಾಡಿ. ಆ ಬಡಿತವನ್ನ ಜಾತಿಯ ಹೆಸರಲ್ಲಿ ಬಲವಂತವಾಗಿ ಹೊರಿಸಿದ ಕಾಲ ಅವರಿಗೆ ಗೊತ್ತು. ಅದೇ ತಮಟೆ ಹಿಡಿದು ನಿಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು 2023ರಲ್ಲಿ ಪದ್ಮಶ್ರೀ ಪಡೆದರು.

ಹಿರಿಯರನ್ನ ಕೇಳೋದು ಹೇಗೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಆಸ್ಟ್ರೇಲಿಯಾದಲ್ಲಿ 1989ರಲ್ಲಿ ಶುರುವಾದ ಬಂಗಾರ್ರಾ ಅನ್ನೋ ಮೂಲನಿವಾಸಿಗಳ ನೃತ್ಯ ತಂಡ ಇದೆ. ಅಲ್ಲಿನ ಮೂಲನಿವಾಸಿಗಳೂ ಒಂದೇ ಜನ ಅಲ್ಲ, ನೂರಾರು ಜನ, ನೂರಾರು ನುಡಿ. ಯಾವ ಜನರ ಕಥೆ ತಗೊಳ್ತಾರೋ ಆ ಜನರ ಹಿರಿಯರನ್ನ ಕೇಳಿ, ಜೊತೆಗಿಟ್ಟುಕೊಂಡೇ ಕೆಲಸ ಮಾಡ್ತಾರೆ. ನಮ್ಮಲ್ಲಿ ಕಲಾವಿದರಿಗೆ ಬರೋದು ಬಸ್ ಟಿಕೆಟ್ಟು, ಒಂದು ಶಾಲು.

ಶಾಲಿನ ಮಾತು ಬಂತಲ್ಲ, ಸಂಭಾವನೆ ಎರಡೂ ತಂಡಕ್ಕೆ ಸಮ ಇದೆಯಾ ಕೇಳಿ. 'ನೀವು ಲೋಕಲ್ಲು ತಾನೆ' ಅಂತ ಊಟ ಹಾಕಿ ಕಳಿಸೋ ಅಭ್ಯಾಸ ನಮ್ಮ ಕಡೆ ಬಹಳ. ನಿರೂಪಕರಿಗೂ ಒಂದು ಮಾತು ಹೇಳಿ: 'ಆಫ್ರಿಕನ್ ಡ್ಯಾನ್ಸ್' ಅಂತ ಕೂಗಬೇಡಿ. ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು ಹೌದು, ಅವರಲ್ಲಿ ಬಹುಪಾಲು ಜನರನ್ನ ಗುಲಾಮರಾಗಿ ತಂದರು. ಇವತ್ತು ಅವರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಜನ, 2003ರಿಂದ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದವರು. ಅವರ ಹೆಸರು, ಊರು ಹೇಳಿದರೆ ಸಾಕು.

ಪ್ರಶ್ನೆ: ಇಂಥ ಕೂಡಾಟಗಳನ್ನ ನೋಡೋಕೆ ಬೆಂಗಳೂರಿಗೇ ಹೋಗಬೇಕಾ ಅಮ್ಮಾ?
(ಓದುಗಳು, ಕೋಲಾರ)

ಉತ್ತರ: ನಿಮ್ಮೂರ ನೆತ್ತಿ ಮೇಲೇ ತೇರಹಳ್ಳಿ ಬೆಟ್ಟ ಇದೆಯಲ್ಲಮ್ಮ! ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಅಲ್ಲಿ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದ 'ಹುಣ್ಣಿಮೆ ಹಾಡು' ಕಾರ್ಯಕ್ರಮ ಹೆಸರುವಾಸಿ. ಮೊದಲೇ ವಿಚಾರಿಸಿಕೊಂಡು ಹತ್ತಿ.

ಪ್ರಶ್ನೆ: ನಾನು ಉಪನ್ಯಾಸಕ. ವಾರ್ಷಿಕೋತ್ಸವಕ್ಕೆ ನಮ್ಮ ಹುಡುಗರು ಯೂಟ್ಯೂಬ್ ನೋಡಿ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಹಾಕಾ ಕುಣಿತ ಕಲಿತಿದ್ದಾರೆ. ಹಿನ್ನೆಲೆಗೆ ಜುಂಜಪ್ಪನ ಗಣೆ, ಅಂದರೆ ಆ ದೇವರ ಉದ್ದನೆಯ ಬಿದಿರು ಕೊಳಲು, ನುಡಿಸೋಣ ಅಂತಾರೆ. ಹೇಗಿರುತ್ತೆ?
(ಓದುಗರು, ಶಿರಾ)

ಉತ್ತರ: ಬೇಡ ಮೇಷ್ಟ್ರೇ. ಗಣೆ ಕಾಡುಗೊಲ್ಲರಿಗೆ ದೇವರ ಜೊತೆಗಿನ ವಾದ್ಯ, ಹಿನ್ನೆಲೆ ಸಂಗೀತ ಅಲ್ಲ. ಹುಡುಗರನ್ನ ಕರಕೊಂಡು ಹಟ್ಟಿಗೆ ಹೋಗಿ, ಪೂಜಾರಪ್ಪನನ್ನೂ ಹಿರಿಯರನ್ನೂ ಕೇಳಿ. ಒಪ್ಪಿದರೆ ಗಣೆ ಊದುವವರನ್ನೇ ಕರೆಸಿ, ಅದೊಂದೇ ಕೇಳಿಸಿ.

ಇನ್ನು ನಿಮ್ಮ ಹುಡುಗರು ಕಲಿತಿರೋದು ಬಹುಶಃ ರಗ್ಬಿ ಆಟಗಾರರು ಕುಣಿಯೋ 'ಕಾ ಮಾಟೆ'. ಅದನ್ನ ಕಟ್ಟಿದವನು ನ್ಗಾತಿ ತೋವಾ ಕುಲದ ನಾಯಕ ತೆ ರೌಪರಾಹಾ, ಸುಮಾರು 1820ರಲ್ಲಿ. ಬೆನ್ನಟ್ಟಿ ಬಂದ ಶತ್ರುಗಳಿಂದ ಗೆಣಸಿನ ಗುಂಡಿಯಲ್ಲಿ ಅಡಗಿ, ಜೀವ ಉಳಿದು ಮೇಲೆ ಬಂದವನ ಹಾಡು ಅದು. ವ್ಯಾಪಾರಕ್ಕೆ ಅದನ್ನ ಬಳಸಿ ಪ್ರಕಟಿಸುವವರು ಅವನ ಹೆಸರು, ಕುಲ ಹೇಳಲೇಬೇಕು ಅಂತ ನ್ಯೂಜಿಲೆಂಡ್ 2014ರಲ್ಲಿ ಕಾನೂನೇ ಮಾಡಿದೆ. ಆ ಕಾನೂನು ಶಿರಾಕ್ಕೆ ತಟ್ಟೋದಿಲ್ಲ, ಮರ್ಯಾದೆ ತಟ್ಟುತ್ತೆ. ಹುಡುಗರು ಹಟ ಹಿಡಿದರೆ ಈ ಕಥೆಯನ್ನ ಮೊದಲು ಮೈಕಿನಲ್ಲಿ ಹೇಳಿಸಿ, ಆಮೇಲೆ ಕುಣಿಯಲಿ. ಮುಖಕ್ಕೆ ಕಪ್ಪು ಗೆರೆ ಬಳಿಯೋದು ಮಾತ್ರ ಖಂಡಿತ ಬೇಡ. ಅದು ಮಾವೊರಿಗಳ ವಂಶದ ಗುರುತು, ಮೇಕಪ್ ಅಲ್ಲ.