ಸರ್ಕಾರ ಮನಸ್ಸು ಮಾಡಿದರೆ ಕ್ರಿಪ್ಟೋ ನಿಲ್ಲಿಸಬಹುದೇ?

ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ, ಯಾರೊಬ್ಬರ ಕೈಯಲ್ಲೂ ಇಲ್ಲ ಅಂದಮೇಲೆ ಸರ್ಕಾರಗಳು ನಿಷೇಧ ಹೇರಿದರೆ ಏನಾದರೂ ಪ್ರಯೋಜನ ಇದೆಯಾ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಕೇಳಿದ್ದರೆ "ಸುಮ್ನೆ ಬೆದರಿಕೆ, ಏನೂ ಆಗಲ್ಲ" ಎಂದು ಬರೆದುಬಿಡುತ್ತಿದ್ದೆ. ಈಗ ಹಾಗೆ ಬರೆಯಲಾರೆ.

ಆಗ ಹಾಗೆ ನಂಬಲು ಕಾರಣವಿತ್ತು. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಬಿಟ್‌ಕಾಯಿನ್ ನೋಡ್, ಅಂದರೆ ಜಾಲದ ಲೆಕ್ಕಪುಸ್ತಕದ ಪೂರ್ತಿ ಪ್ರತಿ ಇಟ್ಟುಕೊಳ್ಳುವ ತಂತ್ರಾಂಶ, ನಡೆಸುತ್ತಿದ್ದೆ. 2009ರ ಜನವರಿಯ ಮೊದಲ ಬ್ಲಾಕ್‌ನಿಂದ (ವಹಿವಾಟುಗಳ ಒಂದು ಕಟ್ಟು) ಹಿಡಿದು ಅಷ್ಟೂ ವಹಿವಾಟಿನ ಲೆಕ್ಕ ಅದರೊಳಗಿತ್ತು. ಇಂಥ ಸಾವಿರಾರು ಪ್ರತಿಗಳು ಪ್ರಪಂಚದ ತುಂಬ ಇವೆ. ಒಂದನ್ನು ಜಪ್ತಿ ಮಾಡಿದರೆ ಉಳಿದವಕ್ಕೆ ಗೊತ್ತೇ ಆಗುವುದಿಲ್ಲ. ಇನ್ನು ವಾಲೆಟ್, ಅಂದರೆ ಕಾಯಿನ್‌ಗಳ ಕೀಲಿ ಇಡುವ ಡಿಜಿಟಲ್ ಪರ್ಸ್. ಸಾಮಾನ್ಯವಾಗಿ ಅದನ್ನು ಮರಳಿ ತೆರೆಯಲು 12 ಅಥವಾ 24 ಮಾಮೂಲಿ ಪದಗಳು ಸಾಕು. ಬಾಯಿಪಾಠ ಮಾಡಿಕೊಂಡು ಗಡಿ ದಾಟಿದರೆ ಯಾವ ಕಸ್ಟಮ್ಸ್‌ನವರು ಹಿಡಿದಾರು?

ಆದರೆ ಆ ಪದಗಳನ್ನು ಕೊಟ್ಟು ಮನೆ ಬಾಡಿಗೆ ಕಟ್ಟಲು ಆಗುವುದಿಲ್ಲ, ಅಲ್ವಾ? ಎಲ್ಲೋ ಒಂದು ಕಡೆ ಅದು ಹಣವಾಗಲೇಬೇಕು. ಅಲ್ಲಿ ಕಾಯಿನ್ ಕೊಳ್ಳುವ, ಮಾರುವ ಎಕ್ಸ್‌ಚೇಂಜ್ ಇದೆ, ಬ್ಯಾಂಕ್ ಇದೆ, ನಿಮ್ಮ ಗುರುತಿನ ಚೀಟಿ ಇದೆ. ಸರ್ಕಾರ ಕಾದು ಕೂರುವುದು ಅಲ್ಲೇ. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 1,20,000 ಬಿಟ್‌ಕಾಯಿನ್ ಕಳುವಾಯಿತು. 2022ರಲ್ಲಿ ಅಮೆರಿಕದ ಅಧಿಕಾರಿಗಳು 94,000ಕ್ಕೂ ಹೆಚ್ಚು ಕಾಯಿನ್ ವಶಪಡಿಸಿಕೊಂಡರು. ಅಂದರೆ ಆರು ವರ್ಷ ಕಳೆದರೂ ಹೆಚ್ಚಿನ ಪಾಲು ಕರಗದೆ ಹಾಗೇ ಉಳಿದಿತ್ತು. ಕಳ್ಳರ ಗತಿಯೇ ಹೀಗಾದರೆ ಮಾಮೂಲಿ ಮನುಷ್ಯನ ಪಾಡೇನು ಹೇಳಿ.

ನನ್ನ ಅಭಿಪ್ರಾಯ ಬದಲಾಗಿದ್ದು ಚೀನಾ ನೋಡಿ. ಅವರು ಒಮ್ಮೆಲೇ ನಿಷೇಧಿಸಲಿಲ್ಲ. 2013ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳಿಗೆ ಬಿಟ್‌ಕಾಯಿನ್ ಮುಟ್ಟಬೇಡಿ ಎಂದರು. 2017ರಲ್ಲಿ ಎಕ್ಸ್‌ಚೇಂಜ್‌ಗಳನ್ನು ಮುಚ್ಚಿಸಿದರು. 2021ರ ಮೇ ತಿಂಗಳಲ್ಲಿ ಮೈನಿಂಗ್ ಮೇಲೆ, ಅಂದರೆ ವಹಿವಾಟು ದಾಖಲಿಸಿ ಹೊಸ ಕಾಯಿನ್ ಗಳಿಸಲು ಯಂತ್ರಗಳಿಂದ ಲೆಕ್ಕ ಬಿಡಿಸುವ ಕೆಲಸದ ಮೇಲೆ, ಬಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ರಿಪ್ಟೋ ವಹಿವಾಟೆಲ್ಲ ಕಾನೂನುಬಾಹಿರ ಎಂದರು. ದೊಡ್ಡ ಮೈನಿಂಗ್ ಅಡಗಿಸಿ ಇಡುವ ಕೆಲಸವಲ್ಲ. ಯಂತ್ರಗಳ ಸದ್ದು, ಸೆಕೆ, ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಬಿಲ್. ಕೆಲವೇ ವಾರಗಳಲ್ಲಿ ಇಡೀ ಬಿಟ್‌ಕಾಯಿನ್ ಜಾಲದ ಲೆಕ್ಕ ಬಿಡಿಸುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಆದರೂ ಜಾಲ ನಿಲ್ಲಲಿಲ್ಲ. ಪ್ರತಿ 2,016 ಬ್ಲಾಕ್‌ಗೊಮ್ಮೆ ಅದು ತನ್ನ ಲೆಕ್ಕದ ಕಷ್ಟವನ್ನು ತಾನೇ ಹೊಂದಿಸಿಕೊಳ್ಳುತ್ತದೆ; ಯಂತ್ರಗಳು ಕಡಿಮೆಯಾದರೆ ಲೆಕ್ಕ ಸುಲಭವಾಗುತ್ತದೆ. ಯಂತ್ರಗಳು ಕಜಕಿಸ್ತಾನ, ಅಮೆರಿಕ ಎಂದು ಗುಳೆ ಹೋದವು. ವರ್ಷ ಮುಗಿಯುವಷ್ಟರಲ್ಲಿ ಶಕ್ತಿ ಮೊದಲಿನ ಮಟ್ಟಕ್ಕೆ ಬಂತು. ಇನ್ನೂ ತಮಾಷೆ ಎಂದರೆ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಂದಾಜಿನಂತೆ 2022ರ ಆರಂಭದಲ್ಲಿ ಮೈನಿಂಗ್‌ನ ಸುಮಾರು ಐದನೇ ಒಂದು ಭಾಗ ಮತ್ತೆ ಚೀನಾದಲ್ಲೇ ನಡೆಯುತ್ತಿತ್ತು! ಸರ್ಕಾರ ಚಾಪೆ ಕೆಳಗೆ ತೂರಿದರೆ ಮೈನಿಂಗ್ ಮಾಡುವವರು ರಂಗೋಲಿ ಕೆಳಗೆ.

ಹಾಗಾದರೆ ಚೀನಾ ಸೋತಿತಾ? ನನಗೆ ಹಾಗನ್ನಿಸುವುದಿಲ್ಲ. ದೇಶದ ದುಡ್ಡು ಹೊರಗೆ ಹರಿಯಬಾರದು, ಜನಸಾಮಾನ್ಯರು ಸಟ್ಟಾ ಆಡಬಾರದು ಎಂಬುದು ಅವರ ಚಿಂತೆ. ಮೊಬೈಲ್‌ನಲ್ಲಿ ಎರಡು ಸಲ ಒತ್ತಿ ಕಾಯಿನ್ ಕೊಳ್ಳುತ್ತಿದ್ದವರಲ್ಲಿ ಎಷ್ಟು ಜನ ಈಗ ಕಳ್ಳದಾರಿ ಹುಡುಕುತ್ತಾರೆ? ಹಟ ಇರುವವರು ಹುಡುಕುತ್ತಾರೆ, ಉಳಿದವರು ಬಿಟ್ಟುಬಿಡುತ್ತಾರೆ.

ನೈಜೀರಿಯಾದಲ್ಲಿ ಮಾತ್ರ ಜನ ಬಿಡಲಿಲ್ಲ. 2021ರ ಫೆಬ್ರವರಿಯಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್, ಕ್ರಿಪ್ಟೋ ವ್ಯವಹಾರದ ಖಾತೆಗಳನ್ನು ಮುಚ್ಚಿ ಎಂದು ಬ್ಯಾಂಕುಗಳಿಗೆ ಹೇಳಿತು. ಜನ ಪಿ ಟು ಪಿ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ನೇರವಾಗಿ ಕೊಡುಕೊಳ್ಳುವ ದಾರಿ, ಹಿಡಿದರು. ನಾನು ನಿಮ್ಮ ಖಾತೆಗೆ ದುಡ್ಡು ಹಾಕುತ್ತೇನೆ, ನೀವು ಕಾಯಿನ್ ಬಿಡುತ್ತೀರಿ. ಬ್ಯಾಂಕಿಗೆ ಅದು ಗೆಳೆಯರ ನಡುವಿನ ಕೈಬದಲಿನಂತೆ ಕಾಣುತ್ತದೆ. ಮೋಸಕ್ಕೆ ಒಳ್ಳೆಯ ದಾರಿ, ಅದು ಬೇರೆ ಮಾತು. ಆದರೆ ಕೈಯಲ್ಲಿರುವ ಅಲ್ಲಿನ ಹಣ ನೈರಾದ ಬೆಲೆ ಕುಸಿಯುತ್ತಿರುವಾಗ ಆ ಅಪಾಯವೇ ವಾಸಿ ಅನ್ನಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಬ್ಯಾಂಕೇ ಆ ನಿರ್ಬಂಧ ಸಡಿಲಿಸಿತು.

ಹಾಗಾಗಿ ಯಾರಾದರೂ ನಿಷೇಧದ ಸುದ್ದಿ ತಂದರೆ ನಾನು ಮೊದಲು ನೋಡುವುದು ಆ ದೇಶದ ಹಣದುಬ್ಬರ. ಆಮೇಲೆ ತೆರಿಗೆ. ಏಕೆಂದರೆ ನಿಷೇಧ ಎಂಬ ಪದ ಬಳಸದೆಯೂ ಕೆಲಸ ಸಾಧಿಸಬಹುದು. ಭಾರತದಲ್ಲಿ ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿದ್ದ ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. 2022ರಲ್ಲಿ ಲಾಭದ ಮೇಲೆ ಶೇ. 30 ತೆರಿಗೆ, ಮಾರಾಟದ ಮೇಲೆ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಬಂತು. ಕೋರ್ಟಿಗೆ ಹೋಗಿ ಗೆದ್ದಿದ್ದ ಎಕ್ಸ್‌ಚೇಂಜ್‌ಗಳ ವಹಿವಾಟು ಆಗ ಕುಸಿಯಿತು.